ನೋವಿನ ಪಾಠವನ್ನು ಕಲಿಸುವ ಬಗೆ: ಆಘಾತದ ಅರಿವುಳ್ಳ ಬೋಧನೆ

ಸಾವು, ಗಲಭೆ, ಲೈಂಗಿಕ ದೌರ್ಜನ್ಯ, ಜಾತಿಯ ಅವಮಾನ, ಆತ್ಮಹತ್ಯೆ, ಭೂಕಂಪ, ಬೆಂಕಿ ಅವಘಡ. ಇವುಗಳಲ್ಲಿ ಒಂದಾದರೂ ಬಾರದ ಕಾಲೇಜು ಪಠ್ಯಕ್ರಮ ಸಿಗುವುದು ಕಷ್ಟ. ಇತಿಹಾಸ, ಸಾಹಿತ್ಯ, ಕಾನೂನು, ವೈದ್ಯಕೀಯ ತರಗತಿಗಳಲ್ಲಿ ಇವು ಪಾಠದ ಕೇಂದ್ರದಲ್ಲೇ ಇರುತ್ತವೆ. ಎಂಜಿನಿಯರಿಂಗ್ ತರಗತಿಯಲ್ಲಿ ಒಂದು ಫೋಟೊವಾಗಿಯೋ ಒಂದು ಲೆಕ್ಕದ ಉದಾಹರಣೆಯಾಗಿಯೋ ಬಂದು ಹೋಗುತ್ತವೆ. ಆ ಪಾಠ ಕೇಳುವ ಬೆಂಚಿನಲ್ಲಿ ಅದೇ ನೋವನ್ನು ಸ್ವತಃ ಉಂಡವರು ಅಥವಾ ಮನೆಯಲ್ಲಿ ಕಂಡವರು ಕುಳಿತಿರಬಹುದು. ಇದನ್ನು ಮೊದಲೇ ಗಮನದಲ್ಲಿಟ್ಟು ಪಾಠ ರೂಪಿಸುವ ಕ್ರಮಕ್ಕೆ ಆಘಾತದ ಅರಿವುಳ್ಳ ಬೋಧನೆ ಎನ್ನುತ್ತಾರೆ.

ಈ ಕ್ರಮದ ತಿರುಳು ಸರಳ. ಕಷ್ಟದ ಪಾಠ ಪೂರ್ತಿಯಾಗಿ ನಡೆಯಬೇಕು. ಏನು ಬರಲಿದೆ ಎಂಬುದು ವಿದ್ಯಾರ್ಥಿಗೆ ಮುಂಚೆಯೇ ತಿಳಿದಿರಬೇಕು. ಅದನ್ನು ಎದುರಿಸುವ ದಾರಿಯಲ್ಲಿ ಸ್ವಲ್ಪ ಆಯ್ಕೆ ಇರಬೇಕು. ಯಾರನ್ನೂ ಅವರ ನೋವಿಗೆ ಸಾಕ್ಷಿ ಹೇಳುವಂತೆ ತರಗತಿಯ ನಡುವೆ ಎಬ್ಬಿಸಿ ನಿಲ್ಲಿಸಬಾರದು.

ಸ್ಯಾಟಲೈಟ್: ಪಠ್ಯದ ಚಿತ್ರವೇ ನೆರೆಮನೆಯಾದಾಗ

ಅಹಮದಾಬಾದ್ ನಗರದ ಪಶ್ಚಿಮಕ್ಕೆ, ಇಸ್ರೋದ ಬಾಹ್ಯಾಕಾಶ ಅನ್ವಯ ಕೇಂದ್ರವಿರುವ ಜೋಧಪುರ ಟೇಕರಾದ ಸುತ್ತ ಬೆಳೆದ ಬಡಾವಣೆ ಸ್ಯಾಟಲೈಟ್. ಪಕ್ಕದ ವಸ್ತ್ರಾಪುರದಲ್ಲಿ ಐಐಎಂ ಇದೆ, ಸ್ವಲ್ಪ ದೂರದ ನವರಂಗಪುರದಲ್ಲಿ ಗುಜರಾತ್ ವಿಶ್ವವಿದ್ಯಾಲಯವೂ ವಾಸ್ತುಶಿಲ್ಪಕ್ಕೆ ಹೆಸರಾದ ಸೆಪ್ಟ್ ವಿಶ್ವವಿದ್ಯಾಲಯವೂ ಇವೆ. ಓದಲು ಬಂದವರು ಬಾಡಿಗೆ ಕೋಣೆಗಳನ್ನು ಹುಡುಕುವ ಪ್ರದೇಶ ಇದು.

2001ರ ಜನವರಿ 26ರ ಬೆಳಿಗ್ಗೆ 8.46ಕ್ಕೆ ಕಛ್‌ನಲ್ಲಿ 7.7 ತೀವ್ರತೆಯ ಭೂಕಂಪ ಸಂಭವಿಸಿತು. ಗುಜರಾತಿನಲ್ಲಿ ಸುಮಾರು 13,800 ಜನ ಸತ್ತರು. ಕಂಪನದ ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರವಿದ್ದ ಅಹಮದಾಬಾದಿನಲ್ಲೇ ಏಳುನೂರಕ್ಕೂ ಹೆಚ್ಚು ಜೀವಗಳು ಹೋದವು. ಕುಸಿದ ಬಹುಮಹಡಿ ಕಟ್ಟಡಗಳಲ್ಲಿ ಸ್ಯಾಟಲೈಟ್ ಪ್ರದೇಶದ ಶಿಖರ್ ಮತ್ತು ಮಾನ್ಸಿ ಹೆಸರುಗಳು ಇವತ್ತಿಗೂ ಜನರ ಬಾಯಲ್ಲಿವೆ. ಮಣಿನಗರದ ಸ್ವಾಮಿನಾರಾಯಣ ಶಾಲೆಯ ಕಟ್ಟಡ ಬಿದ್ದು ವಿಶೇಷ ತರಗತಿಗೆ ಬಂದಿದ್ದ ಮೂವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು.

ಭೂಕಂಪ ಎಂಜಿನಿಯರಿಂಗ್ ಕಲಿಯುವ ಯಾರಿಗೂ ಅಹಮದಾಬಾದ್ ಒಂದು ಮಾದರಿ ಪ್ರಕರಣ. ನೆಲಮಹಡಿಯನ್ನು ವಾಹನ ನಿಲುಗಡೆಗೆಂದು ಗೋಡೆಯಿಲ್ಲದೆ ತೆರೆದಿಟ್ಟಾಗ ಆ ಮಹಡಿ ಮಾತ್ರ ಮೆತ್ತಗಾಗುತ್ತದೆ. ಕಂಪನದಲ್ಲಿ ಕಂಬಗಳು ಮುರಿದು ಮೇಲಿನ ಮಹಡಿಗಳು ಅದರ ಮೇಲೆ ಕೂರುತ್ತವೆ. ಇದನ್ನು ವಿವರಿಸುವ ಸ್ಲೈಡ್‌ಗಳಲ್ಲಿ ಇಲ್ಲಿನ ಕಟ್ಟಡಗಳ ಚಿತ್ರಗಳಿರುತ್ತವೆ. ಬೆಂಗಳೂರಿನ ಅಥವಾ ರೂರ್ಕಿಯ ತರಗತಿಯಲ್ಲಿ ಅದು ರಚನಾದೋಷದ ಉದಾಹರಣೆ. ಸ್ಯಾಟಲೈಟಿನಿಂದ ಬಸ್ಸು ಹತ್ತಿ ಬಂದ ವಿದ್ಯಾರ್ಥಿಗೆ ಅದು ದೊಡ್ಡಮ್ಮ ಇದ್ದ ಮನೆಯಾಗಿರಬಹುದು.

ಇವತ್ತಿನ ಪದವಿ ವಿದ್ಯಾರ್ಥಿಗಳು 2001ರ ನಂತರ ಹುಟ್ಟಿದವರು. ಆ ನೋವು ಅವರಿಗೆ ತಂದೆ ತಾಯಿಯ ಮೌನದಲ್ಲಿ, ಜನವರಿ 26 ಬಂದಾಗ ಮನೆಯಲ್ಲಿ ಬದಲಾಗುವ ಮುಖಗಳಲ್ಲಿ ಸಿಕ್ಕಿದ್ದು. ಆದರೆ ಅವರ ಕಾಲದ್ದೇ ಆದ ದುರಂತಗಳೂ ಇವೆ. 2019ರ ಮೇ 24ರಂದು ಸೂರತ್‌ನ ಸರ್ಥಾಣಾದ ತಕ್ಷಶಿಲಾ ಆರ್ಕೇಡ್‌ಗೆ ಬೆಂಕಿ ಬಿದ್ದು 22 ಮಂದಿ ಸತ್ತರು. ಹೆಚ್ಚಿನವರು ಕೋಚಿಂಗ್ ತರಗತಿಯ ವಿದ್ಯಾರ್ಥಿಗಳು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ದೋಣಿ ಮಗುಚಿ 12 ಶಾಲಾ ಮಕ್ಕಳು ಮತ್ತು 2 ಶಿಕ್ಷಕಿಯರು ಮುಳುಗಿ ಸತ್ತರು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆಯೇ ಬಿತ್ತು. ಈ ಮೂರೂ ನಗರಗಳ ಕಾಲೇಜುಗಳಲ್ಲಿ ಸುರಕ್ಷತೆ, ಕಾನೂನು, ಪತ್ರಿಕೋದ್ಯಮ, ವೈದ್ಯಕೀಯ ಕಲಿಸುವವರು ಈ ಘಟನೆಗಳನ್ನು ಬಿಟ್ಟು ಪಾಠ ಮಾಡಲಾರರು, ಮಾಡಲೂಬಾರದು.

ಆಘಾತ ಎಂದರೇನು

ಜೀವಕ್ಕೆ ಅಥವಾ ಮೈಗೆ ಗಂಭೀರ ಅಪಾಯ ಒಡ್ಡಿದ, ತಾಳಿಕೊಳ್ಳುವ ಶಕ್ತಿಯನ್ನು ಮೀರಿದ ಅನುಭವ ಮನಸ್ಸಿನ ಮೇಲೆ ಉಳಿಸುವ ಪೆಟ್ಟು ಆಘಾತ. ಅದರ ದೀರ್ಘಕಾಲದ ರೂಪವೊಂದನ್ನು ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಗೆ ಸೇರಿಸಿತು. ಪಿಟಿಎಸ್‌ಡಿ ಎಂದು ಕರೆಯುವ ಆ ಕಾಯಿಲೆಯಲ್ಲಿ ಘಟನೆ ಕಣ್ಮುಂದೆ ಮರುಕಳಿಸುತ್ತದೆ, ನೆನಪಿಸುವ ಸದ್ದು ವಾಸನೆ ಜಾಗಗಳಿಂದ ವ್ಯಕ್ತಿ ದೂರ ಓಡುತ್ತಾನೆ, ನಿದ್ದೆ ಕೆಡುತ್ತದೆ, ಸಣ್ಣ ಶಬ್ದಕ್ಕೂ ಮೈ ಬೆಚ್ಚುತ್ತದೆ.

ಅಧ್ಯಾಪಕರು ಎರಡು ಸಂಗತಿಗಳನ್ನು ಒಟ್ಟಿಗೆ ನೆನಪಿಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ 24 ದೇಶಗಳಲ್ಲಿ ನಡೆದ ಸಮೀಕ್ಷೆಯಲ್ಲಿ ಸುಮಾರು ಶೇಕಡಾ 70ರಷ್ಟು ವಯಸ್ಕರು ಬದುಕಿನಲ್ಲಿ ಒಂದಾದರೂ ಆಘಾತಕರ ಘಟನೆ ಕಂಡಿದ್ದರು. ಹಾಗೆ ಕಂಡವರಲ್ಲಿ ಪಿಟಿಎಸ್‌ಡಿಗೆ ತುತ್ತಾದವರು ಶೇಕಡಾ ಆರಕ್ಕಿಂತ ಕಡಿಮೆ. ಅಂದರೆ ಪೆಟ್ಟು ತಿಂದವರು ಪ್ರತಿ ತರಗತಿಯಲ್ಲೂ ಇದ್ದಾರೆ. ಅವರಲ್ಲಿ ಬಹುಪಾಲು ಜನ ಮನೆಯವರ, ಗೆಳೆಯರ ಆಸರೆಯಿಂದ ಚೇತರಿಸಿಕೊಳ್ಳುತ್ತಾರೆ. ಎಲ್ಲರನ್ನೂ ಗಾಯಾಳುಗಳಂತೆ ಕಾಣುವುದು ತಪ್ಪು, ಗಾಯವೇ ಇಲ್ಲ ಎಂಬಂತೆ ನಡೆದುಕೊಳ್ಳುವುದೂ ತಪ್ಪು.

ಭಯ ಹೊತ್ತಿಕೊಂಡಾಗ ದೇಹ ಓಡಲು, ಎದುರಿಸಲು ಅಥವಾ ಮರಗಟ್ಟಲು ಸಿದ್ಧವಾಗುತ್ತದೆ. ಆ ಹೊತ್ತಿನಲ್ಲಿ ಹೊಸ ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟು ಯೋಚಿಸುವ ಸಾಮರ್ಥ್ಯ ಕುಗ್ಗುತ್ತದೆ. ಹಾಗಾಗಿ ಇದು ದಯೆಯ ಪ್ರಶ್ನೆ ಮಾತ್ರವಾಗಿ ಉಳಿಯದೆ ಕಲಿಕೆಯ ಪ್ರಶ್ನೆಯೂ ಆಗುತ್ತದೆ. ಒಂದು ಚಿತ್ರಕ್ಕೆ ಬೆಚ್ಚಿ ಕಲ್ಲಾಗಿ ಕುಳಿತ ವಿದ್ಯಾರ್ಥಿಗೆ ಮುಂದಿನ ಅರ್ಧ ಗಂಟೆಯ ಪಾಠ ತಲುಪುವುದೇ ಇಲ್ಲ.

ಪರಿಕಲ್ಪನೆ ಬೆಳೆದ ದಾರಿ

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಸಾಹಿತ್ಯದ ಅಧ್ಯಾಪಕಿ ಶೊಶಾನಾ ಫೆಲ್ಮನ್ ನಾಜಿ ನರಮೇಧದಿಂದ ಬದುಕುಳಿದವರ ವಿಡಿಯೊ ಸಾಕ್ಷ್ಯಗಳನ್ನು ತರಗತಿಯಲ್ಲಿ ತೋರಿಸಿದರು. ವಿದ್ಯಾರ್ಥಿಗಳು ದಿನಗಟ್ಟಲೆ ಕದಡಿಹೋದರು. ಆ ಬಿಕ್ಕಟ್ಟಿನಿಂದಲೇ ಆಳವಾದ ಕಲಿಕೆ ಹುಟ್ಟುತ್ತದೆ ಎಂದು ಫೆಲ್ಮನ್ ನಂತರ ವಾದಿಸಿದರು. ಆ ವಾದ ಬಹುಕಾಲ ಪ್ರಭಾವ ಬೀರಿತು. 2014ರಲ್ಲಿ ಜಾನಿಸ್ ಕರೆಲೊ ಮತ್ತು ಲೀಸಾ ಬಟ್ಲರ್ ಅದನ್ನು ನೇರವಾಗಿ ಪ್ರಶ್ನಿಸಿದರು. ಆಘಾತದ ಬಗ್ಗೆ ಕಲಿಸುವುದೂ ಆಘಾತದ ಅರಿವಿನಿಂದ ಕಲಿಸುವುದೂ ಬೇರೆ ಬೇರೆ ಎಂದರು. ವಿದ್ಯಾರ್ಥಿಯನ್ನು ಕದಡಿಸುವುದು ಬೋಧನೆಯ ಗುರಿಯಾಗಲಾರದು. ಖಾಸಗಿ ನೋವನ್ನು ಅಂಕಕ್ಕಾಗಿ ಬರೆಸುವುದು ಅಪಾಯಕಾರಿ ಎಂಬುದು ಅವರ ನಿಲುವು. ಅದೇ ವರ್ಷ ಅಮೆರಿಕದ ಸರ್ಕಾರಿ ಸಂಸ್ಥೆ ‘ಸಾಮ್‌ಸಾ’ ಆರು ತತ್ವಗಳ ಚೌಕಟ್ಟು ಪ್ರಕಟಿಸಿತು: ಸುರಕ್ಷತೆ, ನಂಬಿಕೆ ಮತ್ತು ಪಾರದರ್ಶಕತೆ, ಸಮಾನ ಅನುಭವಿಗಳ ಆಸರೆ, ಸಹಭಾಗಿತ್ವ, ದನಿ ಮತ್ತು ಆಯ್ಕೆ, ಹಾಗೂ ಸಂಸ್ಕೃತಿ, ಚರಿತ್ರೆ, ಲಿಂಗಭಾವಗಳ ಅರಿವು.

ನಮ್ಮಲ್ಲಿ ಇದರ ಬೇರುಗಳು ಬೆಂಗಳೂರಿನಲ್ಲಿವೆ. 1981ರ ಫೆಬ್ರವರಿ 7ರಂದು ಅಲ್ಲಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ಸತ್ತವರ ಬಂಧುಗಳ ದುಃಖವನ್ನು ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ತಜ್ಞರು ಅಧ್ಯಯನ ಮಾಡಿ 1987ರಲ್ಲಿ ಪ್ರಕಟಿಸಿದರು. ದುರಂತದ ನಂತರದ ಮನಸ್ಸನ್ನು ಕುರಿತ ಭಾರತದ ಆರಂಭದ ಅಧ್ಯಯನಗಳಲ್ಲಿ ಅದೊಂದು. 1984ರ ಭೋಪಾಲ್ ಅನಿಲ ದುರಂತ, 1993ರ ಲಾತೂರ್ ಭೂಕಂಪ, 1999ರ ಒಡಿಶಾ ಚಂಡಮಾರುತ ದಾಟಿ ಆ ಅನುಭವ ಗುಜರಾತಿಗೆ ಬಂತು. 2001ರ ಭೂಕಂಪದ ನಂತರವೂ 2002ರ ಗಲಭೆಗಳ ನಂತರವೂ ನಿಮ್ಹಾನ್ಸ್ ತಂಡಗಳು ಇಲ್ಲಿನ ಸಮುದಾಯ ಕಾರ್ಯಕರ್ತರಿಗೆ ತರಬೇತಿ ನೀಡಿದವು. ಮನೋವೈದ್ಯರಲ್ಲದವರೂ ಮಾಡಬಹುದಾದ ಕೆಲಸಗಳನ್ನು ಅವರು ಕಲಿಸಿದರು: ಮನಸ್ಸು ಹಗುರಾಗುವಂತೆ ಮಾತಾಡಲು ಬಿಡುವುದು, ಗಮನವಿಟ್ಟು ಕೇಳುವುದು, ಇನ್ನೊಬ್ಬರ ಸ್ಥಾನದಲ್ಲಿ ನಿಂತು ನೋಡುವುದು, ನೆಂಟರಿಷ್ಟರ ಆಸರೆ ಕೂಡಿಸುವುದು, ಆಸಕ್ತಿಯನ್ನು ಹೊರಗಿನ ಕೆಲಸಕ್ಕೆ ತಿರುಗಿಸುವುದು. ಕಾಲೇಜು ಅಧ್ಯಾಪಕರಿಗೂ ಇದರಲ್ಲಿ ಪಾಠವಿದೆ. ಚಿಕಿತ್ಸೆ ತಜ್ಞರ ಕೆಲಸ, ಆಸರೆ ಎಲ್ಲರ ಕೆಲಸ.

ಪಾಠಕ್ಕೆ ಮೊದಲು, ನಡುವೆ, ನಂತರ

ಪಾಠಕ್ಕೆ ಮೊದಲು: ಸೆಮಿಸ್ಟರಿನ ಮೊದಲ ವಾರದಲ್ಲೇ ಯಾವ ಘಟಕದಲ್ಲಿ ಯಾವ ವಿಷಯ ಬರುತ್ತದೆ ಎಂಬ ಪಟ್ಟಿ ಕೊಡಬೇಕು. ‘ಆರನೇ ವಾರ ಬೆಂಕಿ ಅವಘಡದ ಪ್ರಕರಣ ಓದುತ್ತೇವೆ, ಸಾವಿನ ವಿವರಣೆ ಇದೆ, ವಿಡಿಯೊ ಇಲ್ಲ’ ಎಂಬ ಒಂದು ವಾಕ್ಯ ಸಾಕು. ಅತಿರಂಜಿತ ಎಚ್ಚರಿಕೆ ಬೇಡ. ಪ್ರತಿ ಚಿತ್ರಕ್ಕೂ ಒಂದು ಪರೀಕ್ಷೆ ಇರಲಿ: ಈ ಚಿತ್ರವಿಲ್ಲದೆ ಈ ಅಂಶ ಅರ್ಥವಾಗುವುದಿಲ್ಲವೇ? ತಕ್ಷಶಿಲಾ ಬೆಂಕಿಯಲ್ಲಿ ಮಕ್ಕಳು ಕಟ್ಟಡದಿಂದ ಹಾರುವ ವಿಡಿಯೊ ದೇಶವೆಲ್ಲ ಹರಿದಾಡಿತು. ಅಗ್ನಿಸುರಕ್ಷೆಯ ಪಾಠಕ್ಕೆ ಬೇಕಿರುವುದು ಕಟ್ಟಡದ ನಕ್ಷೆ, ಮೆಟ್ಟಿಲಿನ ಜಾಗ, ಮೇಲಿನ ಮಹಡಿಯಿಂದ ಹೊರಬರುವ ದಾರಿ ಇತ್ತೇ ಎಂಬ ಪ್ರಶ್ನೆ. ಆ ವಿಡಿಯೊ ಇವುಗಳಲ್ಲಿ ಯಾವುದನ್ನೂ ಕಲಿಸುವುದಿಲ್ಲ.

ಪಾಠದ ನಡುವೆ: ಆಯ್ಕೆಗಳನ್ನು ಎಲ್ಲರಿಗೂ ಒಂದೇ ರೀತಿ ಹೇಳಬೇಕು. ಹೊರಗೆ ಹೋಗಿ ನೀರು ಕುಡಿದು ಬರಬಹುದು, ಕಾರಣ ಕೇಳುವುದಿಲ್ಲ ಎಂಬುದು ಇಡೀ ತರಗತಿಗೆ ಅನ್ವಯವಾದರೆ ಎದ್ದು ಹೋದವರತ್ತ ಯಾರ ಬೆರಳೂ ತೋರುವುದಿಲ್ಲ. ದೀಪ ಆರಿಸುವ ಮೊದಲು, ಬಾಗಿಲು ಮುಚ್ಚುವ ಮೊದಲು, ದೊಡ್ಡ ಸದ್ದಿನ ಧ್ವನಿಮುದ್ರಿಕೆ ಹಾಕುವ ಮೊದಲು ತಿಳಿಸಬೇಕು. ‘ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯೇ?’ ಎಂಬ ಪ್ರಶ್ನೆಯನ್ನು ಕೈಬಿಡಬೇಕು. ಕೇಳದೆಯೇ ಯಾರಾದರೂ ಹೇಳಿಕೊಂಡರೆ ಹೇಳಿದ್ದಕ್ಕೆ ಕೃತಜ್ಞತೆ ತಿಳಿಸಿ, ತರಗತಿಯ ಮುಂದೆ ವಿವರ ಕೆದಕದೆ, ಪಾಠದ ನಂತರ ಬಿಡುವಿನಲ್ಲಿ ಮಾತಾಡಬೇಕು.

ಪಾಠದ ನಂತರ: ಕೊನೆಯ ಹತ್ತು ನಿಮಿಷ ಭಾರವಾದ ಚಿತ್ರದ ಮೇಲೆ ಮುಗಿಯದಿರಲಿ. ಏನು ಬದಲಾಯಿತು, ಯಾವ ನಿಯಮ ಬಂತು, ಯಾರು ಹೋರಾಡಿದರು ಎಂಬ ಚರ್ಚೆಗೆ ಆ ಸಮಯ ಇರಲಿ. ಪರೀಕ್ಷೆ ಮತ್ತು ನಿಬಂಧಗಳಲ್ಲಿ ಸಮಾನ ತೂಕದ ಪರ್ಯಾಯ ಪ್ರಶ್ನೆ ಕೊಡಬೇಕು. ಸ್ವಂತ ಅನುಭವ ಬರೆಯುವುದು ಎಂದೂ ಕಡ್ಡಾಯವಾಗಬಾರದು. ಬರೆದರೆ ನೋವಿನ ಆಳಕ್ಕೆ ಅಂಕ ಕೊಡಬಾರದು.

ಕುಸಿದ ಕಟ್ಟಡವನ್ನು ಕಲಿಸುವುದು

ಅಹಮದಾಬಾದಿನ ಸಿವಿಲ್ ಎಂಜಿನಿಯರಿಂಗ್ ತರಗತಿಯಲ್ಲಿ ಈ ಕ್ರಮ ಹೇಗಿರಬಹುದು? ಮೆತ್ತನೆಯ ಮಹಡಿಯ ದೋಷವನ್ನು ಮೊದಲು ರೇಖಾಚಿತ್ರ ಮತ್ತು ಮಾದರಿಯಿಂದ ವಿವರಿಸಬಹುದು. ಆಮೇಲೆ ‘ಮುಂದಿನ ಎರಡು ಸ್ಲೈಡ್‌ಗಳು ನಮ್ಮ ನಗರದವೇ’ ಎಂದು ಹೇಳಿ ಫೋಟೊ ತೋರಿಸಬಹುದು. ಕಟ್ಟಡದ ಹೆಸರಿನ ಜೊತೆ ಅಲ್ಲಿ ಮನೆಗಳಿದ್ದವು, ಜನರಿದ್ದರು ಎಂಬ ಒಂದು ಮಾತು ಇರಲಿ. ಮುಂದೆ ಚಿತ್ರ ಬಿಟ್ಟು ನಿಯಮಕ್ಕೆ ಬರಬೇಕು: 2002ರಲ್ಲಿ ಭೂಕಂಪ ವಿನ್ಯಾಸ ಸಂಹಿತೆ ಐಎಸ್ 1893 ಪರಿಷ್ಕೃತವಾಯಿತು, ದೇಶದ ಭೂಕಂಪ ವಲಯಗಳು ಐದರಿಂದ ನಾಲ್ಕಾದವು, ಎಂಜಿನಿಯರಿಂಗ್ ಅಧ್ಯಾಪಕರಿಗೆ ತರಬೇತಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮವೊಂದು ಶುರುವಾಯಿತು, ಗುಜರಾತಿನಲ್ಲಿ ವಿಪತ್ತು ನಿರ್ವಹಣಾ ಪ್ರಾಧಿಕಾರ ಬಂತು. ನೋವು ಅನುಭವಿಸಿದ ಮನೆಯ ವಿದ್ಯಾರ್ಥಿಗೆ ಈ ಭಾಗ ಎಲ್ಲರಿಗಿಂತ ಮುಖ್ಯ. ನಡೆದದ್ದು ವಿಧಿಯ ಆಟವಾಗಿರಲಿಲ್ಲ, ತಡೆಯಬಹುದಾದದ್ದಾಗಿತ್ತು, ಅದನ್ನು ತಡೆಯುವ ವಿದ್ಯೆಯನ್ನೇ ತಾನು ಕಲಿಯುತ್ತಿದ್ದೇನೆ ಎಂಬ ಅರಿವು ಅಲ್ಲಿ ಸಿಗುತ್ತದೆ.

ಭುಜ್‌ನಲ್ಲಿ 2022ರ ಆಗಸ್ಟ್ 28ರಂದು ಉದ್ಘಾಟನೆಯಾದ ಸ್ಮೃತಿವನ ಭೂಕಂಪ ಸ್ಮಾರಕಕ್ಕೆ ಕಾಲೇಜುಗಳು ಪ್ರವಾಸ ಹೋಗುತ್ತವೆ. ಅಲ್ಲಿ ಭೂಕಂಪದ ಕಂಪನವನ್ನು ಅನುಭವಕ್ಕೆ ತರುವ ಕೋಣೆಯಿದೆ. ಅದರೊಳಗೆ ಹೋಗದಿರುವ ಆಯ್ಕೆಯನ್ನು ಬಸ್ಸು ಹತ್ತುವ ಮೊದಲೇ ಎಲ್ಲರಿಗೂ ಹೇಳಬೇಕು.

2002ರ ಗಲಭೆಗಳನ್ನು ಕಲಿಸುವುದು

2002ರ ಫೆಬ್ರವರಿ 27ರಂದು ಗೋಧ್ರಾದಲ್ಲಿ ಸಾಬರಮತಿ ಎಕ್ಸ್‌ಪ್ರೆಸ್‌ನ ಬೋಗಿಗೆ ಬೆಂಕಿ ಬಿದ್ದು 59 ಪ್ರಯಾಣಿಕರು ಸತ್ತರು. ಆಮೇಲಿನ ಹಿಂಸೆಯಲ್ಲಿ 790 ಮುಸ್ಲಿಮರು ಮತ್ತು 254 ಹಿಂದೂಗಳು ಸತ್ತರೆಂದು ಕೇಂದ್ರ ಸರ್ಕಾರ 2005ರಲ್ಲಿ ಸಂಸತ್ತಿಗೆ ತಿಳಿಸಿತು. ಎನ್‌ಸಿಇಆರ್‌ಟಿ 2022ರಲ್ಲಿ ಹನ್ನೆರಡನೇ ತರಗತಿಯ ರಾಜ್ಯಶಾಸ್ತ್ರ ಪಠ್ಯದಿಂದ ಗಲಭೆಯ ಭಾಗವನ್ನು ತೆಗೆಯಿತು. ಹೀಗಾಗಿ ಅನೇಕ ವಿದ್ಯಾರ್ಥಿಗಳು ಆ ಬಗ್ಗೆ ಪುಸ್ತಕದಲ್ಲಿ ಓದದೆ, ಮನೆಯಲ್ಲಿ ಕೇಳಿದ ಕಥನವನ್ನಷ್ಟೇ ಹೊತ್ತು ಕಾಲೇಜಿಗೆ ಬರುತ್ತಾರೆ.

ಅಹಮದಾಬಾದಿನಲ್ಲಿ ಮನೆಗಳೂ ಬಹುಮಟ್ಟಿಗೆ ಸಮುದಾಯವಾರು ಬೇರೆಯಾಗಿವೆ. ಮುಸ್ಲಿಮರು ಹೆಚ್ಚಾಗಿರುವ ಜುಹಾಪುರ ಸ್ಯಾಟಲೈಟಿಗೆ ದೂರವಿಲ್ಲ. ಆದರೂ ಎರಡು ಕಡೆಯ ಹುಡುಗ ಹುಡುಗಿಯರು ಮೊದಲ ಸಲ ಒಂದೇ ಬೆಂಚಿನಲ್ಲಿ ಕೂರುವುದು ಕಾಲೇಜಿನಲ್ಲೇ ಇರಬಹುದು. ಕಾನೂನು ತರಗತಿಯಲ್ಲಿ ಸಾಮೂಹಿಕ ಹಿಂಸೆಯ ಪ್ರಕರಣ ಬಂದಾಗ ಅಧ್ಯಾಪಕರ ಮಾತು ಇಬ್ಬರಿಗೂ ತಾಗುತ್ತದೆ. ಬಂಧುವನ್ನು ಕಳೆದುಕೊಂಡ ಮನೆಯವರಿಗೆ ಅದು ಶೋಕ, ಇನ್ನೊಬ್ಬರಿಗೆ ತನ್ನವರ ಮೇಲಿನ ಆರೋಪದ ಭಯ.

ಇಲ್ಲಿ ನೆರವಾಗುವುದು ದಾಖಲೆ. ನ್ಯಾಯಾಲಯದ ತೀರ್ಪು, ಆಯೋಗದ ವರದಿ, ಸಂಸತ್ತಿನ ಉತ್ತರಗಳನ್ನು ಮೊದಲು ಓದಿಸಿ, ಅಭಿಪ್ರಾಯಕ್ಕೆ ಆಮೇಲೆ ಬರಬೇಕು. ‘ನಿಮ್ಮ ಸಮುದಾಯದವರು ಏನನ್ನುತ್ತಾರೆ?’ ಎಂದು ಯಾರನ್ನೂ ಪ್ರತಿನಿಧಿಯಾಗಿಸಬಾರದು. ಚರ್ಚೆಯ ನಿಯಮಗಳನ್ನು ಮೊದಲ ದಿನವೇ ತರಗತಿಯೇ ಬರೆದುಕೊಳ್ಳಲಿ: ಘಟನೆಯ ಬಗ್ಗೆ ಮಾತು, ಪಕ್ಕದಲ್ಲಿ ಕುಳಿತವರ ಬಗ್ಗೆ ಬೇಡ, ಸಾವನ್ನು ಸಮರ್ಥಿಸುವ ಮಾತಿಗೆ ಜಾಗವಿಲ್ಲ. ಒಬ್ಬ ವಿದ್ಯಾರ್ಥಿ ಇನ್ನೊಬ್ಬರನ್ನು ಹೀಯಾಳಿಸಿದಾಗ ಅಧ್ಯಾಪಕರು ಸುಮ್ಮನಿದ್ದರೆ ಆ ಮೌನವೂ ಪಾಠವಾಗುತ್ತದೆ.

ಗಾಯ ಹಸಿಯಾಗಿರುವಾಗ: ಬಿ.ಜೆ. ಮೆಡಿಕಲ್ ಕಾಲೇಜು

2025ರ ಜೂನ್ 12ರ ಮಧ್ಯಾಹ್ನ ಲಂಡನ್‌ಗೆ ಹೊರಟ ವಿಮಾನ ಏರಿದ ಕೆಲವೇ ಕ್ಷಣಗಳಲ್ಲಿ ಅಹಮದಾಬಾದಿನ ಮೇಘಾಣಿನಗರದಲ್ಲಿದ್ದ ಬಿ.ಜೆ. ಮೆಡಿಕಲ್ ಕಾಲೇಜಿನ ವಸತಿ ಕಟ್ಟಡಗಳ ಮೇಲೆ ಬಿತ್ತು. ವಿಮಾನದಲ್ಲಿದ್ದ 242 ಜನರಲ್ಲಿ ಒಬ್ಬರು ಮಾತ್ರ ಉಳಿದರು. ನೆಲದ ಮೇಲೆ 19 ಜನ ಸತ್ತರು. ಹಾಸ್ಟೆಲ್ ಮೆಸ್ಸಿನಲ್ಲಿ ಊಟಕ್ಕೆ ಕುಳಿತಿದ್ದ ವೈದ್ಯ ವಿದ್ಯಾರ್ಥಿಗಳೂ ಅವರಲ್ಲಿದ್ದರು. ಶವಗಳು ಬಂದದ್ದು ಅದೇ ಕಾಲೇಜಿಗೆ ಸೇರಿದ ಸಿವಿಲ್ ಆಸ್ಪತ್ರೆಗೆ. ಬಹುತೇಕ ಗುರುತುಗಳು ಡಿಎನ್ಎ ಪರೀಕ್ಷೆಯಿಂದಲೇ ಆದವು.

ವಿಧಿವಿಜ್ಞಾನ ವೈದ್ಯಕೀಯದ ಪಠ್ಯದಲ್ಲಿ ಸಾಮೂಹಿಕ ದುರಂತದಲ್ಲಿ ಮೃತರ ಗುರುತು ಹಚ್ಚುವ ಅಧ್ಯಾಯವಿದೆ. ಸುಟ್ಟಗಾಯಗಳ ಅಧ್ಯಾಯವಿದೆ. ಈ ಕಾಲೇಜಿನ ವಿದ್ಯಾರ್ಥಿಗಳು ಅವನ್ನು ಓದಲೇಬೇಕು, ಪರೀಕ್ಷೆ ಬರೆಯಲೇಬೇಕು, ಮುಂದೆ ಆ ಕೆಲಸ ಮಾಡಲೂಬೇಕು. ಇಂಥ ಕಡೆ ಅಧ್ಯಾಯ ಬಿಡುವುದು ದಾರಿಯಾಗಲಾರದು. ಕಾಲವನ್ನು ಮುಂದೂಡಬಹುದು, ಬೇರೆ ಊರಿನ ಹಳೆಯ ಪ್ರಕರಣದಿಂದ ಕಲಿಸಬಹುದು, ಚಿತ್ರಗಳ ಬದಲು ವಿಧಾನದ ಹಂತಗಳಿಂದ ಆರಂಭಿಸಬಹುದು, ಸಣ್ಣ ಗುಂಪುಗಳಲ್ಲಿ ಪಾಠ ಮಾಡಬಹುದು. ದುರಂತದ ದಿನಾಂಕ ಮರಳಿ ಬರುವ ವಾರದಲ್ಲಿ ಆ ಅಧ್ಯಾಯವನ್ನು ಇಡದಿರಬಹುದು. ವೈದ್ಯಶಿಕ್ಷಣದಲ್ಲಿ ಇದಕ್ಕೆ ನೆಲೆ ಆಗಲೇ ಇದೆ: 2019ರಿಂದ ಜಾರಿಯಾದ ಹೊಸ ಪಠ್ಯಕ್ರಮದಲ್ಲಿ ಮನೋಭಾವ, ನೀತಿ, ಸಂವಹನ ಕಲಿಸುವ ‘ಏಟ್‌ಕಾಮ್’ ಭಾಗದಲ್ಲಿ ಶವವನ್ನು ಮೊದಲ ಗುರುವಾಗಿ ಕಾಣುವ ಪಾಠವಿದೆ. ಅಂಗಗಳ ಹಿಂದೆ ಒಬ್ಬ ವ್ಯಕ್ತಿ ಇದ್ದರು ಎಂದು ಕಲಿಸುವ ಆ ಪಾಠ, ಕೈಯಲ್ಲಿ ಚಾಕು ಹಿಡಿದ ವಿದ್ಯಾರ್ಥಿಗೂ ಒಂದು ಮನಸ್ಸಿದೆ ಎಂಬುದನ್ನು ಒಳಗೊಳ್ಳಬೇಕು.

ಕನ್ನಡ ತರಗತಿಯ ನೋವುಗಳು

ಅರವಿಂದ ಮಾಲಗತ್ತಿ ಅವರ ‘ಗೌರ್ಮೆಂಟ್ ಬ್ರಾಹ್ಮಣ’ ಕನ್ನಡದ ಮೊದಲ ದಲಿತ ಆತ್ಮಕಥೆಗಳಲ್ಲೊಂದು, ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಗಿದೆ. ಅದರಲ್ಲಿ ಬರುವ ಅಸ್ಪೃಶ್ಯತೆಯ ಅನುಭವಗಳನ್ನು ಓದುವಾಗ ಇಡೀ ತರಗತಿಯ ಕಣ್ಣು ಒಂದಿಬ್ಬರ ಮೇಲೆ ಹೋಗಿಬಿಡುತ್ತದೆ. ಅಧ್ಯಾಪಕರೂ ಅವರತ್ತ ನೋಡಿ ‘ನಿಮ್ಮೂರಲ್ಲಿ ಈಗ ಹೇಗಿದೆ?’ ಎಂದು ಕೇಳಿದರೆ ಆ ವಿದ್ಯಾರ್ಥಿ ಓದುಗನ ಸ್ಥಾನದಿಂದ ಉದಾಹರಣೆಯ ಸ್ಥಾನಕ್ಕೆ ಇಳಿಯುತ್ತಾನೆ. ಪ್ರಶ್ನೆಯನ್ನು ಇಡೀ ತರಗತಿಗೆ ತಿರುಗಿಸಬೇಕು: ನಮ್ಮೂರ ಬಾವಿ, ದೇವಸ್ಥಾನ, ಹೋಟೆಲು, ಬಾಡಿಗೆ ಮನೆಗಳಲ್ಲಿ ಜಾತಿ ಹೇಗೆ ಕೆಲಸ ಮಾಡುತ್ತದೆ? ಆಗ ಉತ್ತರ ಹೇಳುವ ಹೊಣೆ ನೋವುಂಡವರ ಹೆಗಲಿನಿಂದ ಇಳಿದು ಜಾತಿಯ ಲಾಭ ಪಡೆದವರ ಮೇಲೂ ಬೀಳುತ್ತದೆ.

ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ತಲಾಖ್‌ನ ಸುಳಿಗೆ ಸಿಕ್ಕಿದ ನಾದಿರಾಳ ಆತ್ಮಹತ್ಯೆಯಲ್ಲಿ ಮುಗಿಯುತ್ತದೆ. ಕಾದಂಬರಿಯ ಅಂತ್ಯವನ್ನು ಮೊದಲೇ ಹೇಳಿದರೆ ರಸಭಂಗವಾಗುತ್ತದೆ ಎಂಬ ಆಕ್ಷೇಪ ಸಹಜ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರು. ಸಾವು ಬರುವ ಕೃತಿ ಎಂದು ತಿಳಿಸಿ, ಅದನ್ನು ಬಿಡುಗಡೆಯೆಂದೋ ತ್ಯಾಗವೆಂದೋ ವರ್ಣಿಸದೆ, ಅವಳನ್ನು ಅಲ್ಲಿಗೆ ತಂದ ಕಟ್ಟಳೆಗಳನ್ನೂ ತೆರೆದಿರಬಹುದಾಗಿದ್ದ ಬಾಗಿಲುಗಳನ್ನೂ ಚರ್ಚಿಸಿದರೆ ಕೃತಿಯ ಓದು ಇನ್ನಷ್ಟು ಆಳವಾಗುತ್ತದೆ.

ಅದೇ ಕಾಸರಗೋಡಿನಲ್ಲಿ, ಎಣ್ಮಕಜೆಯಂಥ ಕನ್ನಡ ತುಳು ಮಾತಾಡುವ ಊರುಗಳ ಗೇರು ತೋಟಗಳ ಮೇಲೆ ಎರಡು ದಶಕ ಕಾಲ, 2000ದವರೆಗೆ, ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ ಸುತ್ತಲೂ ಅದರ ಸಂತ್ರಸ್ತರಿದ್ದಾರೆ. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ನಿಷೇಧಿಸಿತು, 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಪರಿಸರ ಅಧ್ಯಯನದ ಪಾಠಗಳಲ್ಲಿ ತಲೆ ದೊಡ್ಡದಾದ ಮಕ್ಕಳ ಫೋಟೊಗಳು ದೇಶವಿಡೀ ಓಡಾಡುತ್ತವೆ. ಕಾಸರಗೋಡಿನ ಕಾಲೇಜಿನಲ್ಲಿ ಆ ಫೋಟೊದ ಮಗು ಯಾರದೋ ತಂಗಿ. ಆ ಮಕ್ಕಳನ್ನು ವಿಷದ ಪುರಾವೆಯಾಗಿ ಮಾತ್ರ ತೋರಿಸದೆ, ಅವರ ತಾಯಂದಿರು ಕಟ್ಟಿದ ಹೋರಾಟ, ವೈದ್ಯ ಡಾ. ವೈ.ಎಸ್. ಮೋಹನ್‌ಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆ ಅವರು ಸಂಗತಿಯನ್ನು ಹೊರಜಗತ್ತಿಗೆ ತಂದ ಬಗೆಯನ್ನೂ ಕಲಿಸಿದಾಗ ಪಾಠಕ್ಕೆ ನ್ಯಾಯ ಸಿಗುತ್ತದೆ.

ಮುನ್ಸೂಚನೆ ಕೆಲಸ ಮಾಡುತ್ತದೆಯೇ?

‘ಮನಸ್ಸಿಗೆ ನೋವಾಗಬಹುದು’ ಎಂಬ ಮುನ್ಸೂಚನೆಯ ಸುತ್ತ ದೊಡ್ಡ ವಾದವೇ ನಡೆದಿದೆ. ಅಮೆರಿಕದ ವಿಶ್ವವಿದ್ಯಾಲಯ ಅಧ್ಯಾಪಕರ ಸಂಘ 2014ರಲ್ಲಿ, ಷಿಕಾಗೊ ವಿಶ್ವವಿದ್ಯಾಲಯ 2016ರಲ್ಲಿ ಇದನ್ನು ಬೌದ್ಧಿಕ ಸ್ವಾತಂತ್ರ್ಯದ ಹೆಸರಿನಲ್ಲಿ ವಿರೋಧಿಸಿದವು. ವಿಕ್ಟೋರಿಯಾ ಬ್ರಿಜ್‌ಲ್ಯಾಂಡ್ ಮತ್ತು ಸಂಗಡಿಗರು 2023ರಲ್ಲಿ ಹನ್ನೆರಡು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮುನ್ಸೂಚನೆ ಓದಿದವರಿಗೆ ನಂತರದ ನೋವು ಕಡಿಮೆಯಾಗಿರಲಿಲ್ಲ, ಮುಂಚಿನ ಆತಂಕ ಸ್ವಲ್ಪ ಹೆಚ್ಚಾಗಿತ್ತು. ಅರ್ಥಗ್ರಹಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಈ ಫಲಿತಾಂಶವನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಒಂದು ಸಾಲಿನ ಎಚ್ಚರಿಕೆ ಅಂಟಿಸಿ ಕೈತೊಳೆದುಕೊಂಡರೆ ಯಾರಿಗೂ ಉಪಯೋಗವಿಲ್ಲ. ಮುನ್ಸೂಚನೆಗೆ ಬೆಲೆ ಬರುವುದು ಅದರ ಹಿಂದೆ ನಿಜವಾದ ಆಯ್ಕೆ, ನಂಬಿಕೆಯ ಸಂಬಂಧ, ಪಾಠದ ನಂತರದ ಮಾತು ಇದ್ದಾಗ. ನೋವನ್ನು ಸದಾ ತಪ್ಪಿಸಿಕೊಳ್ಳುವುದರಿಂದ ಭಯ ಬಲಿಯುತ್ತದೆ ಎಂಬುದು ಮನೋವೈದ್ಯರ ತಿಳಿವಳಿಕೆಯೂ ಹೌದು. ಆದ್ದರಿಂದ ಪರ್ಯಾಯ ಓದು ಅದೇ ವಿಷಯಕ್ಕೆ ಬೇರೆ ಬಾಗಿಲಾಗಿರಬೇಕು, ವಿಷಯದಿಂದಲೇ ಹೊರಹೋಗುವ ಬಾಗಿಲಾಗಬಾರದು.

ಅಧ್ಯಾಪಕರ ಮಿತಿ, ಸಂಸ್ಥೆಯ ಹೊಣೆ

ಅಧ್ಯಾಪಕರು ಚಿಕಿತ್ಸಕರಲ್ಲ. ಕೇಳುವುದು, ನಂಬುವುದು, ಸರಿಯಾದ ಕಡೆಗೆ ದಾರಿ ತೋರುವುದು ಅವರ ಕೆಲಸ. ಪೂರ್ತಿ ಗುಟ್ಟಾಗಿಡುವ ಮಾತನ್ನು ಅವರು ಕೊಡಲಾರರು. ಹದಿನೆಂಟು ತುಂಬದ ವಿದ್ಯಾರ್ಥಿ ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿಕೊಂಡರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವರದಿ ಮಾಡುವುದು ಕಡ್ಡಾಯ. ಪದವಿಯ ಮೊದಲ ವರ್ಷದಲ್ಲಿ ಹದಿನೇಳರ ವಯಸ್ಸಿನವರಿರುತ್ತಾರೆ. ವಿಷಯ ಆರಂಭಿಸುವ ಮೊದಲೇ ಈ ಮಿತಿಯನ್ನು ಹೇಳುವುದು ವಿದ್ಯಾರ್ಥಿಗೆ ತೋರುವ ಗೌರವ. ಕ್ಯಾಂಪಸ್ಸಿನ ಲೈಂಗಿಕ ಕಿರುಕುಳದ ದೂರುಗಳಿಗೆ 2015ರ ಯುಜಿಸಿ ನಿಯಮದಂತೆ ಆಂತರಿಕ ದೂರು ಸಮಿತಿ ಇರಲೇಬೇಕು.

ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ನೀಡಿದ ಮಾರ್ಗಸೂಚಿಗಳ ಪ್ರಕಾರ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಅರ್ಹ ಆಪ್ತಸಮಾಲೋಚಕರೊಬ್ಬರನ್ನಾದರೂ ನೇಮಿಸಬೇಕು. ಬೋಧಕ ಮತ್ತು ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ಮಾನಸಿಕ ಆರೋಗ್ಯದ ತರಬೇತಿ ಆಗಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಅದರ ರಾಷ್ಟ್ರಮಟ್ಟದ ಕೇಂದ್ರ ನಿಮ್ಹಾನ್ಸ್. ಕನ್ನಡ, ಗುಜರಾತಿ ಸೇರಿ ಹಲವು ಭಾಷೆಗಳಲ್ಲಿ ಸೇವೆ ಇದೆ. ಅಹಮದಾಬಾದಿನಲ್ಲಿ ಓದುವ ಕನ್ನಡದ ಹುಡುಗನಿಗೆ ತನ್ನ ಭಾಷೆಯಲ್ಲಿ ದುಃಖ ಹೇಳಿಕೊಳ್ಳಲು ಸಿಗುವುದು ಸಣ್ಣ ಸಂಗತಿಯಲ್ಲ.

ಅಧ್ಯಾಪಕರಿಗೂ ನೋವಿದೆ. ಸ್ನೇಹಿತರನ್ನು, ವಿದ್ಯಾರ್ಥಿಗಳನ್ನು ಕಳೆದುಕೊಂಡವರು ಮರುವಾರ ಅದೇ ಕೊಠಡಿಯಲ್ಲಿ ಪಾಠ ಮಾಡಬೇಕಾಗುತ್ತದೆ. ಭಾರವಾದ ಘಟಕಗಳನ್ನು ಹಂಚಿಕೊಂಡು ಕಲಿಸುವುದು, ಸಹೋದ್ಯೋಗಿಗಳೊಡನೆ ಮಾತಾಡುವುದು, ಬೇಕಾದಾಗ ತಾವೂ ಸಮಾಲೋಚಕರ ಬಳಿ ಹೋಗುವುದು ಕರ್ತವ್ಯಲೋಪವಾಗುವುದಿಲ್ಲ.

ಒಂದು ವಿಭಾಗ ಎಲ್ಲಿಂದ ಶುರುಮಾಡಬಹುದು

ದೊಡ್ಡ ಅನುದಾನ ಇದಕ್ಕೆ ಬೇಕಿಲ್ಲ. ಸೆಮಿಸ್ಟರ್ ಆರಂಭಕ್ಕೆ ಮುನ್ನ ವಿಭಾಗದ ಎಲ್ಲರೂ ಒಂದು ಮಧ್ಯಾಹ್ನ ಪಠ್ಯಕ್ರಮವನ್ನು ಮುಂದಿಟ್ಟುಕೊಂಡು ಕೂತರೆ ಸಾಕು. ನೋವಿನ ಘಟಕಗಳನ್ನು ಗುರುತಿಸಬೇಕು. ಈ ಊರಿನಲ್ಲಿ, ಇದರ ಸುತ್ತಮುತ್ತ ಯಾವ ದುರಂತದ ನೆನಪು ಹಸಿಯಾಗಿದೆ ಎಂದು ಕೇಳಿಕೊಳ್ಳಬೇಕು. ಅನಗತ್ಯ ಚಿತ್ರಗಳನ್ನು ತೆಗೆದು, ಅಗತ್ಯವಾದವಕ್ಕೆ ಒಂದು ಸಾಲಿನ ಮಾಹಿತಿ ಬರೆದು, ಪರ್ಯಾಯ ಓದು ಮತ್ತು ಪ್ರಶ್ನೆಗಳನ್ನು ಸಿದ್ಧಪಡಿಸಿ, ಸಮಾಲೋಚಕರ ಹೆಸರು ಮತ್ತು 14416 ಸಂಖ್ಯೆಯನ್ನು ಪಠ್ಯಪಟ್ಟಿಯ ಮೊದಲ ಪುಟದಲ್ಲಿ ಅಚ್ಚುಮಾಡಬೇಕು. ಸೆಮಿಸ್ಟರ್ ಮುಗಿದ ಮೇಲೆ ಹೆಸರು ಬರೆಯದ ಚೀಟಿಗಳಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯ ಪಡೆದು ತಿದ್ದಿಕೊಳ್ಳಬೇಕು.

ಭೂಕಂಪವನ್ನು ಕಲಿಸದ ಎಂಜಿನಿಯರಿಂಗ್, ಗಲಭೆಯನ್ನು ಕಲಿಸದ ಕಾನೂನು, ಜಾತಿಯನ್ನು ಕಲಿಸದ ಸಾಹಿತ್ಯ ಯಾರನ್ನೂ ಕಾಪಾಡುವುದಿಲ್ಲ. ಸತ್ಯ ತಿಳಿಯುವ ಹಕ್ಕು ನೋವುಂಡ ವಿದ್ಯಾರ್ಥಿಗೆ ಉಳಿದವರಿಗಿಂತ ಹೆಚ್ಚೇ ಇದೆ. ಆ ಸತ್ಯವನ್ನು ಅವರು ತಲೆಯೆತ್ತಿ ಕಲಿಯುವಂತೆ ತರಗತಿಯನ್ನು ಸಜ್ಜುಗೊಳಿಸುವುದು ಬೋಧನೆಯ ಕಸುಬಿಗೇ ಸೇರಿದ ಕೆಲಸ.